ಜಪಾನಿ ಕತ್ತಿಗೆ ಕಿಟಕಿ ತೆರೆಯುವ ಮುನ್ನ

ತುಕ್ಕು ಕವಿದ ಹಳೆಯ ಜಪಾನಿ ಕತ್ತಿ ಪೂರ್ತಿ ಸಾಣೆಯ ಖರ್ಚಿಗೆ ಯೋಗ್ಯವೇ ಎಂದು ತಿಳಿಯಲು ಅಲಗಿನ 5ರಿಂದ 10 ಸೆಂ.ಮೀ. ಭಾಗವನ್ನಷ್ಟೇ ಉಜ್ಜಿಸಿ ನೋಡುವುದೇ ಕಿಟಕಿ.

ಮೊದಲು ಹಿಡಿಯ ಬಿದಿರಿನ ಮೊಳೆ ಕಳಚಿ, ಅದರೊಳಗೆ ಸೇರಿದ ಅಲಗಿನ ಬಾಲ ನೋಡಿ. ಶೋವಾ (ಆಗಿನ ಚಕ್ರವರ್ತಿಯ ಆಳ್ವಿಕೆಯ ಹೆಸರು) ಮುದ್ರೆ ಇದ್ದರೆ ಅದು ಎರಡನೇ ಮಹಾಯುದ್ಧದ ಕಾಲದ್ದು, ಹೆಚ್ಚಾಗಿ ಹಳೆಯ ರೀತಿಯಂತೆ ನೀರಿನಲ್ಲಲ್ಲ, ಎಣ್ಣೆಯಲ್ಲಿ ಹದ ಹಾಕಿದ್ದು; ಕಿಟಕಿಯ ಖರ್ಚು ದಂಡ. ಬಾಲದ ತುಕ್ಕೇ ವಯಸ್ಸಿನ ಸಾಕ್ಷಿ. ಅದನ್ನು ಹಿತ್ತಾಳೆ ಚೆಂಬಿನಂತೆ ಹುಣಸೆಹುಳಿ ಹಾಕಿ ತಿಕ್ಕಿದರೆ ಆ ಸಾಕ್ಷಿಯೇ ಹೋಯಿತು.

ಕಿಟಕಿ ತೆರೆಯುವುದು ತರಬೇತಾದ ಸಾಣೆಗಾರನ ಕೆಲಸ. ತುಕ್ಕಿನ ಆಳ ನೋಡಿ ಬಿನ್ಸುಯಿ ಅಥವಾ ಕೈಸೆಯಿ ಕಲ್ಲಿನಿಂದ ಶುರು. ಬಳಿಕ ಚೂನಗುರ, ಕೋಮನಗುರ, ಉಚಿಗುಮೊರಿ ಎಂಬ ಇನ್ನೂ ನಯವಾದ ಕಲ್ಲುಗಳು. ಪ್ರತಿ ಕಲ್ಲಿಗೂ ಉಜ್ಜುವ ದಿಕ್ಕು ಬದಲಿಸಿದರೆ ಹಿಂದಿನ ಗೀರು ಉಳಿದದ್ದು ತಿಳಿಯುತ್ತದೆ. ನೀರಿಗೆ ಚಿಟಿಕೆ ವಾಷಿಂಗ್ ಸೋಡಾ, ಇಲ್ಲವಾದರೆ ಉಜ್ಜುತ್ತಿರುವಾಗಲೇ ತುಕ್ಕು. ಕೊನೆಗೆ ತೆಳು ಕಲ್ಲಿನ ಚೂರನ್ನು ಹೆಬ್ಬೆರಳಲ್ಲಿ ಒತ್ತಿ ಉಜ್ಜುತ್ತಾರೆ. ಆಗ ಹಾದಾ, ಅಂದರೆ ಮಡಚಿ ಬಡಿದ ಉಕ್ಕಿನ ನೇಯ್ಗೆ, ಮತ್ತು ಹಾಮೊನ್, ಅಂದರೆ ಹದದ ಗೆರೆ, ಮೂಡುತ್ತವೆ. ಒಂದೇ ಬಲ್ಬಿನ ಕೆಳಗೆ ಓರೆಯಾಗಿ ನೋಡಿ: ಗೆರೆಯಲ್ಲಿ ನಿಯೆ ಎಂಬ ಉಕ್ಕಿನ ಮಿನುಗು ಕಣಗಳಿದ್ದರೆ ಒಳ್ಳೆಯ ಸೂಚನೆ, ಬರೀ ಬಿಳಿ ಪಟ್ಟಿಯಾದರೆ ಆಸಿಡ್ ಹಚ್ಚಿದ ಸಂಶಯ.

ಸ್ಯಾಂಡ್‌ಪೇಪರ್, ಬಫಿಂಗ್ ಬೇಡವೇ ಬೇಡ. ಶಿನೋಗಿ, ಅಂದರೆ ಅಲಗಿನ ಪಕ್ಕದ ಉದ್ದಕ್ಕೂ ಇರುವ ಏಣು, ದುಂಡಾದರೆ ಸರಿಪಡಿಸಲು ಇಡೀ ಅಲಗನ್ನೇ ಸವೆಸಬೇಕು.

ಮಂಗಳೂರಿನ ಉಪ್ಪುಗಾಳಿಯಲ್ಲಿ ಹೊಸದಾಗಿ ತೆರೆದ ಉಕ್ಕಿಗೆ ಬೆರಳಚ್ಚೂ ಸಾಕು ತುಕ್ಕಿಗೆ. ಚೋಜಿ ಎಣ್ಣೆ (ಲವಂಗದ ಪರಿಮಳದ ಕತ್ತಿ ಎಣ್ಣೆ) ತೆಳುವಾಗಿ ಸವರಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ನೋಡಿ. ತೆಂಗಿನೆಣ್ಣೆ ಅಡುಗೆಗೇ ಇರಲಿ.