ಪೆಲ್ವಿಸ್ ಮಾಡೆಲ್: ಪ್ಯೂಬೊರೆಕ್ಟಾಲಿಸ್ ಕೂತಿತು

ಪ್ಲಾಸ್ಟಿಕ್ ಪೆಲ್ವಿಸ್‌ಗೆ (ಸೊಂಟದ ಮೂಳೆಗಳ ಗೂಡು) ತಳದ ಸ್ನಾಯುಗಳನ್ನು ಕೂರಿಸುವ ಕೆಲಸ ಅರ್ಧ ದಾಟಿದೆ. ಇಲಿಯೊಕಾಕ್ಸಿಜಿಯಸ್, ಪ್ಯೂಬೊಕಾಕ್ಸಿಜಿಯಸ್ ಎರಡನ್ನೂ ಫೆಲ್ಟ್ ಬಟ್ಟೆಯಲ್ಲಿ ಕತ್ತರಿಸಿ ಅಂಟಿಸಿ ಆಯ್ತು. ಈ ವಾರ ಪೂರ್ತಿ ಹೋಗಿದ್ದು ಪ್ಯೂಬೊರೆಕ್ಟಾಲಿಸ್‌ಗೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಸ್ನಾಯು ಇದೇ.

ಸೊಂಟದ ತಳವನ್ನು ಹಿಡಿದು ನಿಲ್ಲಿಸುವ ಲಿವೇಟರ್ ಏನೈ ಗುಂಪಿನ ಈ ಮೂರರಲ್ಲಿ ಇದೊಂದೇ ಬಾಲಮೂಳೆಗೆ ಅಂಟಿಕೊಳ್ಳುವುದಿಲ್ಲ. ಮುಂದಿನ ಪ್ಯೂಬಿಕ್ ಮೂಳೆಯ ಒಂದು ಬದಿಯಿಂದ ಹೊರಡುತ್ತದೆ. ಮಲಾಶಯ ಗುದನಾಳಕ್ಕೆ ಸೇರುವ ಜಾಗವನ್ನು ಹಿಂದಿನಿಂದ ಬಳಸುತ್ತದೆ. ಅಲ್ಲಿಂದ ಅದೇ ಮೂಳೆಯ ಇನ್ನೊಂದು ಬದಿಗೆ ವಾಪಸ್, ಕವಣೆಯ ಪಟ್ಟಿಯ ಹಾಗೆ. ಇದು ಎಳೆಯುವ ಸ್ನಾಯು ಅಲ್ವಾ, ಫೆಲ್ಟ್ ಸಾಲದು. ಅಗಲವಾದ ಎಲಾಸ್ಟಿಕ್ ತಗೊಂಡು ಎರಡೂ ತುದಿಗೆ ವೆಲ್ಕ್ರೋ ಹೊಲಿದೆ. ಮಲಾಶಯಕ್ಕೆ ಮೆತ್ತನೆಯ ರಬ್ಬರ್ ಕೊಳವೆ. ಎಲಾಸ್ಟಿಕ್ಕನ್ನು ಬಿಗಿಯಾಗಿ ಎಳೆದು ಅಂಟಿಸಿದರೆ ಕೊಳವೆ ಸುಮಾರು 90 ಡಿಗ್ರಿಗೆ ಬಾಗುತ್ತದೆ. ಸಡಿಲ ಬಿಟ್ಟರೆ ನೇರವಾಗುತ್ತದೆ. ನೋಡೋಕೇ ಖುಷಿ!

ದೇಹದಲ್ಲಿ ಆಗುವುದೂ ಇದೇ. ನಿದ್ದೆಯಲ್ಲೂ ಈ ಸ್ನಾಯು ಬಿಗಿ ಬಿಡುವುದಿಲ್ಲ, ಮಲ ನಿಲ್ಲುವುದರಲ್ಲಿ ಆ ಬಾಗಿಗೆ ದೊಡ್ಡ ಪಾಲಿದೆ. ಶೌಚಕ್ಕೆ ಕೂತಾಗ ಮಾತ್ರ ಸಡಿಲವಾಗಬೇಕು. ಕುಕ್ಕರಗಾಲಲ್ಲಿ ಕೂತರೆ ಕೋನ ಇನ್ನಷ್ಟು ನೇರವಾಗುತ್ತದೆ. ಕೆಲವರಲ್ಲಿ ಉಲ್ಟಾ: ತಿಣುಕಿದಷ್ಟೂ ಅದು ಬಿಗಿಯುತ್ತದೆ. ಅಂಥ ಮಲಬದ್ಧತೆಗೆ ಸುಮ್ನೆ ಭೇದಿ ಮಾತ್ರೆ ನುಂಗುವುದಕ್ಕಿಂತ ಬಯೋಫೀಡ್‌ಬ್ಯಾಕ್ ತರಬೇತಿಯೇ (ಸ್ನಾಯುವಿನ ಬಿಗಿತವನ್ನು ಯಂತ್ರದಲ್ಲಿ ನೋಡುತ್ತಾ ಸಡಿಲಿಸಲು ಕಲಿಯುವುದು) ಜಾಸ್ತಿ ಫಲ ಕೊಡುತ್ತದೆ. ಗುದದ ಪಕ್ಕ ಸುರಂಗದಂಥ ದಾರಿ ಆಗುವ ಫಿಸ್ಟುಲಾದ ಆಪರೇಷನ್‌ನಲ್ಲಿ ಸರ್ಜನ್‌ಗಳು ಇದನ್ನು ಜೋಪಾನವಾಗಿ ಉಳಿಸುತ್ತಾರೆ, ಕತ್ತರಿಸಿದರೆ ಮಲದ ಹಿಡಿತವೇ ಹೋಗಬಹುದು.

ವೆಲ್ಕ್ರೋ ಹಾಕಿದ್ದಕ್ಕೆ ಇನ್ನೊಂದು ಕಾರಣ ಹೆರಿಗೆ. ಈ ಪಟ್ಟಿಯ ಎರಡು ತೋಳುಗಳ ನಡುವೆಯೇ ಮೂತ್ರನಾಳ, ಯೋನಿ ಎರಡೂ ಇವೆ. ಮಗುವಿನ ತಲೆ ಅಲ್ಲಿಂದಲೇ ಇಳಿಯಬೇಕು. ಆ ಎಳೆತಕ್ಕೆ ಕೆಲವೊಮ್ಮೆ ಸ್ನಾಯು ಮೂಳೆಯಿಂದಲೇ ಕಿತ್ತು ಬರುತ್ತದೆ, ಫೋರ್ಸೆಪ್ಸ್ (ಮಗುವಿನ ತಲೆ ಹಿಡಿದು ಎಳೆಯುವ ಇಕ್ಕಳ) ಹಾಕಿದ ಹೆರಿಗೆಯಲ್ಲಿ ಅಪಾಯ ಇನ್ನೂ ಜಾಸ್ತಿ. ಮಾಡೆಲ್‌ನಲ್ಲಿ ಒಂದು ಬದಿಯ ವೆಲ್ಕ್ರೋ ಬಿಡಿಸಿ ನೋಡಿದೆ. ತೋಳುಗಳ ನಡುವಿನ ಸಂದು ಆ ಕಡೆಗೆ ಅಗಲವಾಗಿ ತೆರೆದುಕೊಂಡಿತು. ಮುಂದೆ ಮೂತ್ರಕೋಶ, ಗರ್ಭಕೋಶ ಜಾರುವ ಸಾಧ್ಯತೆ ಯಾಕೆ ಹೆಚ್ಚುತ್ತದೆ ಅಂತ ಮಾತಿಲ್ಲದೆ ಅರ್ಥವಾಗುತ್ತದೆ. ಹೊರಗೆ ಹೊಲಿಗೆ ಮಾಗಿದ್ದರೂ ಒಳಗಿನ ಈ ಗಾಯ ಕಣ್ಣಿಗೆ ಬೀಳುವುದಿಲ್ಲ. ಬಾಣಂತಿ ಕೆಳಗೆ ಭಾರ ಅನ್ನಿಸುತ್ತದೆ ಅಂದರೆ ಅದನ್ನು ತಳ್ಳಿಹಾಕಬಾರದು.

ಮುಂದಿನ ಕೆಲಸ ನರಗಳದ್ದು. ಸೇಕ್ರಮ್‌ನ (ಬಾಲಮೂಳೆಯ ಮೇಲಿನ ತ್ರಿಕೋನ ಮೂಳೆ) 3, 4ನೇ ರಂಧ್ರಗಳಿಂದ ಹಳದಿ ದಾರ ಎಳೆಯಬೇಕು.