ಫ್ರೀಬಿಎಸ್‌ಡಿ 13ರಿಂದ 14ಕ್ಕೆ, ಸೋರ್ಸ್ ದಾರಿಯಲ್ಲಿ

ಯಾಕೆ ಈ ದಾರಿ

ಇದು ಫ್ರೀಬಿಎಸ್‌ಡಿ ಎಂಬ ಯುನಿಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಮ್ ಮೇಲೆ ಫೈಲ್ ಸರ್ವರ್ ಆಗಿ ಓಡುತ್ತಿರುವ ಯಂತ್ರ. ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ. ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್‌ನ ಮಿರರ್ (ಒಂದೇ ಡೇಟಾ ಒಂದಕ್ಕಿಂತ ಹೆಚ್ಚು ಡಿಸ್ಕ್‌ಗಳಲ್ಲಿ), ಅದರ ಮೇಲೆ ಒಂದೆರಡು ಜೈಲ್ (ಒಳಗೇ ಬೇರ್ಪಡಿಸಿಟ್ಟ ಪುಟ್ಟ ಸಿಸ್ಟಮ್). ಸಿಸ್ಟಮ್ ಸ್ಟೇಬಲ್ 13 ಬ್ರ್ಯಾಂಚಿನದು, ಅಂದರೆ ಬಿಡುಗಡೆಗಳ ನಡುವೆ ಬೆಳೆಯುತ್ತಲೇ ಇರುವ ಸೋರ್ಸ್‌ನಿಂದ ಕಟ್ಟಿದ್ದು. 13ರ ಸರಣಿಗೆ ಬೆಂಬಲ 2026ರ ಏಪ್ರಿಲ್ 30ರವರೆಗೆ ಮಾತ್ರ. ಹಾಗಾಗಿ 14ಕ್ಕೆ ಏರಿಸುವ ಕೆಲಸ ಕೈಗೆತ್ತಿಕೊಂಡಿದ್ದೇನೆ.

ಫ್ರೀಬಿಎಸ್‌ಡಿ-ಅಪ್‌ಡೇಟ್ ಇದೆಯಲ್ಲ, ಅದನ್ನೇ ಓಡಿಸಬಾರದಾ? ಅದು ಬಿಡುಗಡೆಯಾದ ಆವೃತ್ತಿಗಳ ಸಿದ್ಧ ಬೈನರಿಗಳನ್ನು ಇಳಿಸಿಕೊಳ್ಳುವ ಸಾಧನ. ಸ್ಟೇಬಲ್ ಬ್ರ್ಯಾಂಚಿಗೆ ಅದು ಕೆಲಸ ಮಾಡುವುದಿಲ್ಲ. ಜೊತೆಗೆ ನನ್ನ ಕರ್ನಲ್ (ಸಿಸ್ಟಮ್‌ನ ತಿರುಳು) ನಾನೇ ಸಂರಚಿಸಿದ್ದು, ಬೇಡದ ಕೆಲವು ಭಾಗಗಳನ್ನು ಬಿಲ್ಡ್‌ನಿಂದಲೇ ಕೈಬಿಟ್ಟಿದ್ದೇನೆ. ಇಂಥವರಿಗೆ ಸೋರ್ಸ್ ದಾರಿಯೇ ಸರಿ.

ಈ ದಾರಿಯಲ್ಲಿ ಎಲ್ಲರೂ ಒಂದು ಪಟ್ಟಿ ಹಿಡಿದುಕೊಂಡು ಹೋಗುತ್ತಾರೆ. ಬಿಲ್ಡ್‌ವರ್ಲ್ಡ್, ಬಿಲ್ಡ್‌ಕರ್ನಲ್, ಇನ್‌ಸ್ಟಾಲ್‌ಕರ್ನಲ್, ರೀಬೂಟ್, ಇನ್‌ಸ್ಟಾಲ್‌ವರ್ಲ್ಡ್. ವರ್ಲ್ಡ್ ಅಂದರೆ ಕರ್ನಲ್ ಬಿಟ್ಟು ಉಳಿದ ಬೇಸ್ ಸಿಸ್ಟಮ್, ಅದಕ್ಕೇ ಯೂಸರ್‌ಲ್ಯಾಂಡ್ ಅಂತಲೂ ಹೆಸರು. ಮಂತ್ರದ ಹಾಗೆ ಹೇಳಿಕೊಂಡು ಹೋದರೂ ಕೆಲಸ ಆಗುತ್ತದೆ. ಆದರೆ ನಡುವೆ ಏನಾದರೂ ಕೈಕೊಟ್ಟಾಗ ಪಟ್ಟಿ ಬಾಯಿ ಬಿಡುವುದಿಲ್ಲ. ಆಗ ಎರಡು ವಿಷಯ ಗೊತ್ತಿರಬೇಕು: ಯಾವುದು ಯಾವುದರ ಮೇಲೆ ನಿಂತಿದೆ, ಯಾವ ಹೆಜ್ಜೆ ಇಟ್ಟ ಮೇಲೆ ವಾಪಸ್ ಬರೋಕೆ ಆಗಲ್ಲ. ಈ ಲಾಗ್‌ನಲ್ಲಿ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ.

ಬಿಲ್ಡ್‌ಗೆ ಮೊದಲು

ಗಿಟ್‌ನಲ್ಲಿ ಸ್ಟೇಬಲ್ 14 ಬ್ರ್ಯಾಂಚಿಗೆ ಬದಲಾಯಿಸಿಕೊಂಡೆ. ಪ್ರಾಜೆಕ್ಟ್ ಸಬ್‌ವರ್ಷನ್ ಬಿಟ್ಟು ಗಿಟ್‌ಗೆ ಬಂದಿದ್ದು 2020ರ ಡಿಸೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬರಹ ನೋಡಿಕೊಂಡು ಸೋರ್ಸ್ ತರಲು ಹೊರಟರೆ ದಾರಿ ಸಿಗುವುದಿಲ್ಲ.

ಸೋರ್ಸ್ ಬಂದ ಕೂಡಲೇ ಓದಬೇಕಾದ್ದು ಅಪ್‌ಡೇಟಿಂಗ್ ಎಂಬ ಫೈಲ್. ಅದರಲ್ಲಿ ಹೊಸ ಸುದ್ದಿ ಮೇಲೆ, ಹಳೆಯದು ಕೆಳಗೆ. ನಮ್ಮ ಸಿಸ್ಟಮ್ ಇರುವ ತಾರೀಖು ಎಲ್ಲಿ ಬರುತ್ತದೆ ನೋಡಿ, ಅಲ್ಲಿಂದ ಮೇಲಕ್ಕೆ ಓದಿಕೊಂಡು ಹೋಗಬೇಕು. 13ರಿಂದ 14ಕ್ಕೆ ಬರುವವರು ಗಮನಿಸಬೇಕಾದ ಮುಖ್ಯ ಬದಲಾವಣೆಗಳಲ್ಲಿ ನನಗೆ ತಾಗಿದ್ದು ಎರಡು. ಬೇಸ್ ಸಿಸ್ಟಮ್‌ನಿಂದ ಓಪಿಐಇ ಎಂಬ ಪಾಸ್‌ವರ್ಡ್ ವ್ಯವಸ್ಥೆ ತೆಗೆದುಹಾಕಿದ್ದಾರೆ. ಕ್ರಿಪ್ಟೋ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ 1.1.1 ಹೋಗಿ 3.0 ಬಂದಿದೆ. ಎರಡರ ಬಿಸಿಯೂ ಮುಂದೆ ತಟ್ಟುತ್ತದೆ.

ಕರ್ನಲ್ ಸಂರಚನೆ ಬಗ್ಗೆ ಒಂದು ಮಾತು. ಜೆನೆರಿಕ್ ಎಂಬ ಮೂಲ ಸಂರಚನೆ ಫೈಲನ್ನು ಪೂರ್ತಿ ಕಾಪಿ ಮಾಡಿ ತಿದ್ದುವ ಅಭ್ಯಾಸ ಬಹಳ ಜನಕ್ಕಿದೆ. ನನಗೆ ಅದು ಹಿಡಿಸುವುದಿಲ್ಲ. ಜೆನೆರಿಕ್ ಅನ್ನು ಇನ್‌ಕ್ಲೂಡ್ ಮಾಡಿ, ಬೇಡದ್ದನ್ನಷ್ಟೇ ಕೆಳಗೆ ತೆಗೆದುಹಾಕಿದರೆ ಫೈಲ್ ಹತ್ತು ಸಾಲು ದಾಟುವುದಿಲ್ಲ. ಅಂದಕ್ಕಾಗಿ ಹೇಳುತ್ತಿಲ್ಲ. 14ರ ಜೆನೆರಿಕ್‌ನಲ್ಲಿ ಕಂಪ್ಯಾಟ್-ಫ್ರೀಬಿಎಸ್‌ಡಿ13 ಎಂಬ ಹೊಸ ಆಯ್ಕೆ ಸೇರಿದೆ. 13ರ ಬೈನರಿಗಳು 14ರ ಕರ್ನಲ್ ಮೇಲೆ ಓಡಲು ಅದು ಬೇಕು. 13ರ ಕಾಲದ ಕಾಪಿಯಲ್ಲಿ ಅದು ಇರಲು ಸಾಧ್ಯವೇ ಇಲ್ಲ ಅಲ್ವಾ?

ಬಿಲ್ಡ್

ಬಿಲ್ಡ್‌ವರ್ಲ್ಡ್ ಎಷ್ಟೇ ಹೊತ್ತು ಓಡಲಿ, ಓಡುತ್ತಿರುವ ಸಿಸ್ಟಮ್‌ನ ಒಂದು ಫೈಲನ್ನೂ ಮುಟ್ಟುವುದಿಲ್ಲ. ಹುಟ್ಟುವುದೆಲ್ಲ ಆಬ್ಜೆಕ್ಟ್ ಡೈರೆಕ್ಟರಿಗೆ ಹೋಗುತ್ತದೆ. ನಡುವೆ ನಿಲ್ಲಿಸಿದರೂ ಹಾನಿಯಿಲ್ಲ. ಹಾಗಾಗಿ ಇಲ್ಲಿ ಗಾಬರಿ ಬೇಡ, ತಾಳ್ಮೆ ಸಾಕು.

ಹೊತ್ತು ತಿನ್ನುವುದು ಎಲ್‌ಎಲ್‌ವಿಎಂ ಮತ್ತು ಕ್ಲ್ಯಾಂಗ್, ಅಂದರೆ ಕಂಪೈಲರ್. ಸೋರ್ಸ್‌ನಲ್ಲಿರುವ ಕಂಪೈಲರ್ ಆವೃತ್ತಿ ಈಗಿನದಕ್ಕಿಂತ ಬೇರೆಯಾಗಿದ್ದರೆ ಮೊದಲು ಅದನ್ನೇ ಕಟ್ಟಿಕೊಳ್ಳುತ್ತದೆ. ಆಮೇಲೆ ಅದರಿಂದ ಉಳಿದದ್ದನ್ನೆಲ್ಲ ಕಟ್ಟುತ್ತದೆ, ಆ ಉಳಿದದ್ದರಲ್ಲಿ ಮತ್ತೆ ಕ್ಲ್ಯಾಂಗ್ ಬರುತ್ತದೆ. ರ‍್ಯಾಮ್ ಕಡಿಮೆ ಇದ್ದರೆ ಸಮಾನಾಂತರ ಕೆಲಸಗಳ ಸಂಖ್ಯೆ ಇಳಿಸಿಕೊಳ್ಳುವುದು ಒಳ್ಳೆಯದು. ಕ್ಲ್ಯಾಂಗ್ ಲಿಂಕ್ ಆಗುವ ಹೊತ್ತಿಗೆ ನೆನಪಿನ ಹಸಿವು ಏಕಾಏಕಿ ಏರುತ್ತದೆ. ಬಿಲ್ಡ್ ಬಿದ್ದರೆ ಕೊನೆಯ ಸಾಲು ನೋಡಿ ಪ್ರಯೋಜನವಿಲ್ಲ. ಹಲವು ಕೆಲಸ ಒಟ್ಟಿಗೆ ಓಡುವಾಗ ನಿಜವಾದ ತಪ್ಪು ಎಷ್ಟೋ ಮೇಲೆ ಹೂತುಹೋಗಿರುತ್ತದೆ. ಔಟ್‌ಪುಟ್ ಫೈಲಿಗೆ ಬರೆಸಿಕೊಂಡು ಹುಡುಕುವುದೇ ಸುಲಭ.

ಮೆಟಾ ಮೋಡ್ ಅನ್ನೂ ಹಾಕಿದ್ದೇನೆ. ಫೈಲ್‌ಮಾನ್ ಮಾಡ್ಯೂಲ್ ಲೋಡ್ ಮಾಡಿದ್ದರೆ, ಯಾವ ಫೈಲ್ ಕಟ್ಟುವಾಗ ಯಾವ ಯಾವ ಫೈಲ್ ಓದಲಾಯಿತು ಎಂಬ ಲೆಕ್ಕ ಇಡುತ್ತದೆ. ಮುಂದಿನ ಬಿಲ್ಡ್‌ನಲ್ಲಿ ಬದಲಾದ ಭಾಗ ಮಾತ್ರ ಕಟ್ಟಬಹುದು. ಮೊದಲ ಸಲ ಇದರಿಂದ ಲಾಭವಿಲ್ಲ, ಆಮೇಲೆ ಬಹಳ ಇದೆ.

ತಾಲೀಮು: ಹೊಸ ಕರ್ನಲ್, ಹಳೆ ಯೂಸರ್‌ಲ್ಯಾಂಡ್

ನಿಜವಾದ ಯಂತ್ರಕ್ಕೆ ಕೈ ಹಾಕುವ ಮೊದಲು ಬಿಹೈವ್‌ನಲ್ಲಿ ಒಂದು ವರ್ಚುಯಲ್ ಯಂತ್ರ ಎಬ್ಬಿಸಿದೆ. ಅದರಲ್ಲೂ 13. ಸೋರ್ಸ್ ಮತ್ತು ಆಬ್ಜೆಕ್ಟ್ ಡೈರೆಕ್ಟರಿಗಳನ್ನು ಎನ್‌ಎಫ್‌ಎಸ್ ಮೂಲಕ, ಅದೇ ಹೆಸರಿನ ಜಾಗದಲ್ಲೇ ಮೌಂಟ್ ಮಾಡಿದರೆ ಮತ್ತೆ ಕಟ್ಟುವ ಕೆಲಸವಿಲ್ಲ, ನೇರ ಇನ್‌ಸ್ಟಾಲ್. ಇಲ್ಲಿ ಫ್ರೀಬಿಎಸ್‌ಡಿ ಹ್ಯಾಂಡ್‌ಬುಕ್‌ನಲ್ಲಿರುವ ಕ್ರಮವನ್ನೇ ಅನುಸರಿಸಿದೆ.

ಕರ್ನಲ್ ಮೊದಲು ಯಾಕೆ? ಹೊಸ ಕರ್ನಲ್‌ಗೆ ಹಳೆ ಸಿಸ್ಟಮ್ ಕಾಲ್‌ಗಳು (ಪ್ರೋಗ್ರಾಮ್‌ಗಳು ಕರ್ನಲ್‌ಗೆ ಇಡುವ ಕೋರಿಕೆಗಳು) ಗೊತ್ತು. ಹಳೆ ಕರ್ನಲ್‌ಗೆ ಹೊಸವು ಗೊತ್ತಿಲ್ಲ. ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿದ್ದರೆ 2017ರ ಮೇ ತಿಂಗಳಿನದ್ದು ಇದೆ. ಐನೋಡ್ ಸಂಖ್ಯೆಯನ್ನು (ಫೈಲ್ ಸಿಸ್ಟಮ್ ಪ್ರತಿ ಫೈಲಿಗೆ ಕೊಡುವ ಗುರುತು ಸಂಖ್ಯೆ) 32 ಬಿಟ್‌ನಿಂದ 64 ಬಿಟ್‌ಗೆ ಏರಿಸಿದ ಬದಲಾವಣೆ ಆಗ ಡೆವಲಪ್‌ಮೆಂಟ್ ಬ್ರ್ಯಾಂಚಿಗೆ ಸೇರಿತು. 2018ರ ಡಿಸೆಂಬರ್‌ನ 12.0ರಲ್ಲಿ ಅದು ಎಲ್ಲರಿಗೂ ಬಂತು. ಫೈಲಿನ ವಿವರ ಕೇಳುವ ಸಿಸ್ಟಮ್ ಕಾಲ್‌ಗಳೇ ಹೊಸದಾದವು. ಹೊಸ ಕರ್ನಲ್ ಬೂಟ್ ಮಾಡದೆ ಹೊಸ ಸಿ ಲೈಬ್ರರಿ ಹಾಕಿದರೆ, ಫೈಲ್ ಪಟ್ಟಿ ತೋರಿಸುವ ಎಲ್‌ಎಸ್‌ ಕೂಡ ಸತ್ತು ಬೀಳುತ್ತಿತ್ತು. ಸರಿ ಮಾಡೋಣವೆಂದರೆ ಸರಿ ಮಾಡುವ ಸಾಧನಗಳೂ ಅದೇ ಲೈಬ್ರರಿಯನ್ನೇ ನೆಚ್ಚಿಕೊಂಡಿರುತ್ತವೆ.

ಇನ್‌ಸ್ಟಾಲ್‌ಕರ್ನಲ್ ಹಳೆ ಕರ್ನಲನ್ನು ಕರ್ನಲ್.ಓಲ್ಡ್ ಎಂಬ ಡೈರೆಕ್ಟರಿಗೆ ಸರಿಸುತ್ತದೆ. ಎರಡು ಸಲ ಇನ್‌ಸ್ಟಾಲ್ ಮಾಡಿದರೆ ಒಳ್ಳೆಯದು ಅಳಿಸಿಹೋಗುತ್ತದೆ ಎಂಬ ಭಯ ಹಲವರಿಗಿದೆ. ಮೇಕ್‌ಫೈಲ್ ಬರೆದವರು ಇದನ್ನು ಯೋಚಿಸಿದ್ದಾರೆ. ಈಗ ಓಡುತ್ತಿರುವ ಕರ್ನಲ್ ಎಲ್ಲಿಂದ ಬಂತು ಎಂದು ನೋಡಿಕೊಂಡು, ಅದು ಓಲ್ಡ್‌ನಲ್ಲಿದ್ದರೆ ಅದನ್ನು ಮುಟ್ಟುವುದಿಲ್ಲ. ಅಪಾಯ ಇರುವುದು ಬೇರೆ ಕಡೆ. ಹೊಸ ಕರ್ನಲ್ ಬೂಟ್ ಆಗಿ, ಅರೆಬರೆ ಕೆಲಸ ಮಾಡಿ, ಅದರೊಳಗಿಂದಲೇ ಮತ್ತೊಂದು ಇನ್‌ಸ್ಟಾಲ್ ಮಾಡಿದಿರೋ, ಆ ಅರೆಬರೆ ಕರ್ನಲ್ಲೇ ಓಲ್ಡ್ ಆಗಿ ಕೂರುತ್ತದೆ. ಕರ್ನಲ್.ಗುಡ್ ಎಂದು ಕೈಯಾರೆ ಒಂದು ಪ್ರತಿ ತೆಗೆದಿಡುವುದು ಅದಕ್ಕೇ.

ರೀಬೂಟ್ ಆದ ಮೇಲೆ ಆವೃತ್ತಿ ತೋರಿಸುವ ಯುನೇಮ್‌ಗೆ ದೊಡ್ಡ ಕೆ (ಕರ್ನಲ್) ಕೊಟ್ಟರೆ 14ರಿಂದ ಶುರುವಾಗುವ ಸಂಖ್ಯೆ, ದೊಡ್ಡ ಯು (ಯೂಸರ್‌ಲ್ಯಾಂಡ್) ಕೊಟ್ಟರೆ 13ರದ್ದು. ಈ ಅರ್ಧ ದಾರಿಯಲ್ಲಿ ಹೆಚ್ಚು ಹೊತ್ತು ನಿಲ್ಲಬಾರದು. ಸಾಮಾನ್ಯ ಪ್ರೋಗ್ರಾಮ್‌ಗಳು ಓಡುತ್ತವೆ. ಆದರೆ ಕರ್ನಲ್ ಜೊತೆ ನೇರ ಮಾತಾಡುವ ಫೈರ್‌ವಾಲ್ ಸಾಧನಗಳಂಥವು ಮೇಜರ್ ಆವೃತ್ತಿ ಬದಲಾದಾಗ ನಂಬಿಕೆಗೆ ಅರ್ಹವಲ್ಲ. ಸಿಂಗಲ್ ಯೂಸರ್ ಮೋಡ್‌ನಲ್ಲಿ (ಸೇವೆಗಳಿಲ್ಲದೆ, ರೂಟ್ ಒಬ್ಬರೇ ಕೂತು) ಈ ಕೆಲಸ ಮಾಡಿ ಎಂದು ಹೇಳುವುದಕ್ಕೆ ಇದೂ ಒಂದು ಕಾರಣ.

ಇನ್‌ಸ್ಟಾಲ್‌ವರ್ಲ್ಡ್‌ಗೆ ಮೊದಲು, ಇಟಿಸಿ ಡೈರೆಕ್ಟರಿಯ ಸಂರಚನೆ ಫೈಲ್‌ಗಳನ್ನು ಹೊಸದಾಗಿಸುವ ಇಟಿಸಿಅಪ್‌ಡೇಟ್ ಅನ್ನು ಸಣ್ಣ ಪಿ ಜೊತೆ ಓಡಿಸಿದೆ. ಇನ್‌ಸ್ಟಾಲ್‌ಗೆ ಬೇಕಾದ ಹೊಸ ಯೂಸರ್, ಗ್ರೂಪ್ ಹೆಸರುಗಳನ್ನು ಅದು ಮೊದಲೇ ಸೇರಿಸುತ್ತದೆ. ಇನ್‌ಸ್ಟಾಲ್‌ವರ್ಲ್ಡ್ ಕೂಡ ಜಾಣ. ಕಾಲ ಕೆಳಗಿನ ಲೈಬ್ರರಿ ಬದಲಾಗುವಾಗ ತನಗೆ ಬೇಕಾದ ಸಾಧನಗಳನ್ನು ಮೊದಲೇ ಬೇರೆ ಡೈರೆಕ್ಟರಿಗೆ ಕಾಪಿ ಮಾಡಿಕೊಂಡು ಕೆಲಸ ಶುರು ಮಾಡುತ್ತದೆ. ಅಷ್ಟಾಗಿಯೂ ಎಡವಿದರೆ ರೆಸ್ಕ್ಯೂ ಡೈರೆಕ್ಟರಿ ಇದೆ. ಅಲ್ಲಿರುವುದೆಲ್ಲ ಸ್ಟ್ಯಾಟಿಕ್ ಲಿಂಕ್ ಆದವು, ಯಾವ ಲೈಬ್ರರಿಯ ಹಂಗೂ ಇಲ್ಲ.

ತಾಲೀಮು ಸಲೀಸಾಗಿ ಮುಗಿಯಿತು.

ನಿಜವಾದ ಯಂತ್ರ: ಬೂಟ್ ಎನ್ವಿರಾನ್‌ಮೆಂಟ್ ದಾರಿ

ಸರ್ವರ್‌ನಲ್ಲಿ ಆ ಕ್ರಮ ಬಳಸಲಿಲ್ಲ. ಪರದೆಯಿಲ್ಲದ ಯಂತ್ರವನ್ನು ಸಿಂಗಲ್ ಯೂಸರ್ ಮೋಡ್‌ಗೆ ತರುವುದು ತಲೆನೋವು. ಝಡ್‌ಎಫ್‌ಎಸ್ ಇದ್ದಾಗ ಅದರ ಅಗತ್ಯವೂ ಇಲ್ಲ.

ಬಿಇಸಿಟಿಎಲ್ 12.0ರಿಂದ ಬೇಸ್‌ನಲ್ಲೇ ಇದೆ. ಅದರಿಂದ ಹೊಸ ಬೂಟ್ ಎನ್ವಿರಾನ್‌ಮೆಂಟ್ (ಬೇರೆಯಾಗಿ ಬೂಟ್ ಮಾಡಬಹುದಾದ ಸಿಸ್ಟಮ್‌ನ ಪ್ರತಿ) ಒಂದನ್ನು ಮಾಡಿ, ಪಕ್ಕದಲ್ಲಿ ಮೌಂಟ್ ಮಾಡಿದೆ. ಇನ್‌ಸ್ಟಾಲ್‌ಕರ್ನಲ್, ಇಟಿಸಿಅಪ್‌ಡೇಟ್‌ನ ಮೊದಲ ಸುತ್ತು, ಇನ್‌ಸ್ಟಾಲ್‌ವರ್ಲ್ಡ್, ಎರಡನೇ ಸುತ್ತು ಎಲ್ಲವೂ ಆ ಮೌಂಟಿನೊಳಗೆ. ಓಡುತ್ತಿರುವ 13ಕ್ಕೆ ಇದರ ಸುಳಿವೇ ಇಲ್ಲ. ರೀಬೂಟ್ ಆದಾಗ ಕರ್ನಲ್ ಮತ್ತು ಯೂಸರ್‌ಲ್ಯಾಂಡ್ ಎರಡೂ ಒಟ್ಟಿಗೆ 14 ಆಗಿರುತ್ತವೆ, ಅರ್ಧ ದಾರಿಯೇ ಇಲ್ಲ.

ಒಂದೇ ಎಚ್ಚರಿಕೆ: ಮೌಂಟ್ ಆದ ಹೊಸ ಜಗತ್ತಿನೊಳಗೆ ಕ್ರೂಟ್ ಮಾಡಿ (ಅದನ್ನೇ ರೂಟ್ ಡೈರೆಕ್ಟರಿ ಎಂದು ಹಿಡಿದು) ಪ್ಯಾಕೇಜ್ ಅಪ್‌ಗ್ರೇಡ್ ಮಾಡುವ ಆಸೆ ಬೇಡ. ಅಲ್ಲಿನ ಬೈನರಿಗಳು 14ರವು, ಕೆಳಗೆ ಓಡುತ್ತಿರುವ ಕರ್ನಲ್ 13. ಮೇಲೆ ಹೇಳಿದ್ದಕ್ಕೆ ಸರಿಯಾಗಿ ಉಲ್ಟಾ ಆಯಿತು. ಜೈಲ್‌ಗಳಿಗೂ ಇದೇ ಲೆಕ್ಕ. ಹೋಸ್ಟ್ 14 ಆಗಿ ಜೈಲ್ 13ರಲ್ಲೇ ಉಳಿದರೆ ತೊಂದರೆಯಿಲ್ಲ. ಹಾಗಾಗಿ ಅವುಗಳನ್ನು ಸದ್ಯಕ್ಕೆ ಮುಟ್ಟಿಲ್ಲ.

ಬೂಟ್ ಎನ್ವಿರಾನ್‌ಮೆಂಟ್ ಎಂದರೆ ಏನೇನು ಹಿಂದಕ್ಕೆ ಬರುತ್ತದೆ ಎಂಬುದೂ ಗೊತ್ತಿರಬೇಕು. ಇನ್‌ಸ್ಟಾಲರ್ ಮಾಡಿಕೊಡುವ ವಿನ್ಯಾಸದಲ್ಲಿ ಬೇಸ್ ಸಿಸ್ಟಮ್, ಪ್ಯಾಕೇಜ್‌ಗಳು, ಅವುಗಳ ಪಟ್ಟಿ ಎಲ್ಲವೂ ಅದರೊಳಗಿವೆ. ಹೋಮ್ ಡೈರೆಕ್ಟರಿಗಳು, ಲಾಗ್‌ಗಳು ಹೊರಗಿವೆ. ಆದರೆ ವಾರ್ ಡಿಬಿ ಕೆಳಗೆ ಡೇಟಾಬೇಸ್ ಇಟ್ಟಿದ್ದರೆ ಅದೂ ಒಳಗೇ. ಹಳೆಯದಕ್ಕೆ ಮರಳಿದ ಗಳಿಗೆ, ನಡುವೆ ಬರೆದ ಡೇಟಾ ಕಣ್ಣಿಗೆ ಕಾಣುವುದಿಲ್ಲ. ನನ್ನ ಡೇಟಾಬೇಸ್‌ಗೆ ಬೇರೆಯೇ ಡೇಟಾಸೆಟ್ ಇದೆ.

ಇಟಿಸಿ

ಹಳೆ ಫೈಲ್, ಹೊಸ ಫೈಲ್, ನಾವು ತಿದ್ದಿದ ಫೈಲ್ ಮೂರನ್ನೂ ಹೋಲಿಸಿ ಬೆಸೆಯುತ್ತದೆ ಇಟಿಸಿಅಪ್‌ಡೇಟ್. ಹಿಂದಿನ ಮರ್ಜ್‌ಮಾಸ್ಟರ್ ಪ್ರತಿ ಫೈಲಿಗೂ ನಮ್ಮನ್ನೇ ಕೇಳುತ್ತಿತ್ತು. ಕೇಳಿ ಕೇಳಿ ಸುಸ್ತಾಗಿ ಕೊನೆಗೆ ಸುಮ್ನೆ ಹೂಂ ಅನ್ನುವಂತಾಗುತ್ತಿತ್ತು. ಈಗ ನಿಜವಾದ ಜಗಳ ಇದ್ದಲ್ಲಿ ಮಾತ್ರ ಪಂಚಾಯಿತಿ.

ಓಪಿಐಇ ಮೇಲೆ ಬಂದಿದ್ದು ಇಲ್ಲಿಯೇ. ಒಮ್ಮೆ ಮಾತ್ರ ಬಳಸುವ ಪಾಸ್‌ವರ್ಡ್‌ಗಳ ಹಳೆಯ ವ್ಯವಸ್ಥೆ ಅದು. ನಾನು ಬಳಸಿದವನೇ ಅಲ್ಲ. ಆದರೆ ಲಾಗಿನ್ ಪರಿಶೀಲಿಸುವ ಪಿಎಎಂನ 13ರ ಫೈಲ್‌ಗಳಲ್ಲಿ ಅದರ ಸಾಲುಗಳಿವೆ. ತಿದ್ದದ ಫೈಲ್‌ಗಳಲ್ಲಿ ಅವು ತಾವಾಗಿಯೇ ಹೋದವು. ಎಸ್‌ಎಸ್‌ಎಚ್‌ಡಿಯ ಪಿಎಎಂ ಫೈಲಿಗೆ ನಾನು ಬೇರೆ ಸಾಲು ಸೇರಿಸಿದ್ದರಿಂದ ಅಲ್ಲಿ ಕಾನ್‌ಫ್ಲಿಕ್ಟ್ ಎದ್ದಿತು. ಹಾಗೇ ಬಿಟ್ಟಿದ್ದರೆ ಪಿಎಎಂ ಇಲ್ಲದ ಮಾಡ್ಯೂಲ್ ಹುಡುಕುತ್ತದೆ, ಲಾಗಿನ್ ನಿಲ್ಲುತ್ತದೆ. ಪರದೆಯಿಲ್ಲದ ಯಂತ್ರದಲ್ಲಿ ಲಾಗಿನ್ ನಿಂತರೆ ಉಳಿದದ್ದೆಲ್ಲ ಸರಿಯಿದ್ದರೂ ಏನು ಬಂತು? ಆ ಸಾಲುಗಳನ್ನು ತೆಗೆದು ರಿಸಾಲ್ವ್ ಮಾಡಿದೆ. ಆಮೇಲೆ ಹೊಸ ಇಟಿಸಿ ಪೂರ್ತಿ ಓಪಿಐಇ ಪದಕ್ಕಾಗಿ ಗ್ರೆಪ್ ಮಾಡಿದೆ, ಜೊತೆಗೆ ಕಾನ್‌ಫ್ಲಿಕ್ಟ್ ಗುರುತುಗಳಿಗಾಗಿಯೂ. ಮಾಸ್ಟರ್ ಪಾಸ್‌ವರ್ಡ್ ಫೈಲನ್ನು ಮಾತ್ರ ಕಣ್ಣಾರೆ, ಸಾಲು ಸಾಲಾಗಿ ಓದಿದೆ.

14.0ರಿಂದ ರೂಟ್‌ನ ಶೆಲ್ ಸಿಎಸ್‌ಎಚ್ ಬದಲು ಎಸ್‌ಎಚ್. ಮೇಲ್ ಕಳಿಸಲು ಸೆಂಡ್‌ಮೇಲ್ ಬದಲು ಡಿಎಂಎ. ಎರಡಕ್ಕೂ ನನ್ನ ತಕರಾರಿಲ್ಲ.

ಲೋಡರ್.ಕಾನ್ಫ್‌ನಲ್ಲಿ ಪೋರ್ಟ್ಸ್‌ನಿಂದ (ಬೇಸ್ ಹೊರಗಿನ ಸಾಫ್ಟ್‌ವೇರ್ ಸಂಗ್ರಹ) ಬಂದ ರಿಯಲ್‌ಟೆಕ್ ನೆಟ್‌ವರ್ಕ್ ಮಾಡ್ಯೂಲ್‌ನ ಸಾಲುಗಳಿದ್ದವು. ಅದು 13ರ ಕರ್ನಲ್‌ಗೆ ಕಟ್ಟಿದ್ದು. ಹೊಸ ಎನ್ವಿರಾನ್‌ಮೆಂಟ್‌ನಲ್ಲಿ ಅವನ್ನು ಕಾಮೆಂಟ್ ಮಾಡಿದೆ. ಕರ್ನಲ್ ಒಳಗಿನ ಡ್ರೈವರ್ ಸದ್ಯಕ್ಕೆ ಸಾಕು.

ಬೂಟ್

ಬಿಇಸಿಟಿಎಲ್‌ನ ಆಕ್ಟಿವೇಟ್‌ಗೆ ಸಣ್ಣ ಟಿ ಸೇರಿಸಿದರೆ ಹೊಸ ಎನ್ವಿರಾನ್‌ಮೆಂಟ್ ಒಂದೇ ಒಂದು ಬೂಟ್‌ಗೆ ಮಾತ್ರ ಜಾರಿಯಾಗುತ್ತದೆ. ಯಂತ್ರ ಮೇಲೇಳದಿದ್ದರೆ ಪವರ್ ಆಫ್ ಮಾಡಿ ಆನ್ ಮಾಡಿದರೆ ಸಾಕು, 13 ವಾಪಸ್. ಈ ಒಂದು ಅಕ್ಷರಕ್ಕಾಗಿಯೇ ಝಡ್‌ಎಫ್‌ಎಸ್ ಹಾಕಿಕೊಳ್ಳಬಹುದು ಅನ್ನಿಸಿತು.

ಮೇಲೆದ್ದಿತು. ಎಸ್‌ಎಸ್‌ಎಚ್ ಬಂತು. ಒಂದು ಸೆಷನ್ ತೆರೆದಿಟ್ಟುಕೊಂಡೇ ಇನ್ನೊಂದರಿಂದ ಲಾಗಿನ್ ಪರೀಕ್ಷಿಸಿದೆ. ಜಾಗದಲ್ಲೇ ಅಪ್‌ಗ್ರೇಡ್ ಮಾಡುವವರಿಗೆ ಇಲ್ಲಿ ಇನ್ನೊಂದು ಗುಂಡಿ ಇದೆ. ಓಪನ್‌ಎಸ್‌ಎಸ್‌ಎಚ್ 9.8ರಿಂದ ಸೆಷನ್ ನಡೆಸುವ ಭಾಗ ಬೇರೆ ಬೈನರಿ. ಹಳೆ ಎಸ್‌ಎಸ್‌ಎಚ್‌ಡಿ ಓಡುತ್ತಿರುವಾಗ ಅದರ ಕೆಳಗೆ ಹೊಸ ಬೈನರಿ ಬಂದು ಕೂತರೆ ಹೊಸ ಲಾಗಿನ್‌ಗಳು ಬೀಳುತ್ತವೆ. ತೆರೆದ ಸೆಷನ್ ಮುಚ್ಚುವ ಮೊದಲು ರೀಸ್ಟಾರ್ಟ್ ಮಾಡಬೇಕು.

ಪ್ಯಾಕೇಜ್‌ಗಳು

ಪ್ಯಾಕೇಜ್ ಸಾಧನದ ಸ್ಟ್ಯಾಟಿಕ್ ರೂಪ ಬಳಸಿ, ಎಲ್ಲವನ್ನೂ ಒತ್ತಾಯದಿಂದ ಮತ್ತೆ ಹಾಕಿಸಿದೆ. ಒಂದೊಂದಾಗಿ ಮಾಡುವುದು ಬೇಡ. 13ರ ಕ್ರಿಪ್ಟೋ ಲೈಬ್ರರಿಯ ಸಂಖ್ಯೆ 111, 14ರದ್ದು 30. ಒಂದು ಪ್ಯಾಕೇಜ್ ಹೊಸದು, ಅದು ನೆಚ್ಚಿಕೊಂಡ ಇನ್ನೊಂದು ಹಳೆಯದು ಆದರೆ ಎರಡೂ ಲೈಬ್ರರಿಗಳು ಒಂದೇ ಪ್ರೊಸೆಸ್‌ಗೆ ಬಂದು ಕೂರುತ್ತವೆ. ಆಗ ಆಗುವ ಕ್ರ್ಯಾಶ್‌ಗೆ ತಲೆಬುಡ ಇರುವುದಿಲ್ಲ. ರಿಯಲ್‌ಟೆಕ್ ಮಾಡ್ಯೂಲನ್ನೂ ಹೊಸ ಕರ್ನಲ್‌ಗೆ ಮತ್ತೆ ಕಟ್ಟಿ, ಆ ಸಾಲುಗಳನ್ನು ತೆರೆದೆ.

ಆಮೇಲೆ ಎನ್ವಿರಾನ್‌ಮೆಂಟನ್ನು ಖಾಯಂ ಮಾಡಿದೆ, ಬೇಡವಾದ ಹಳೆ ಫೈಲ್‌ಗಳನ್ನು ಅಳಿಸುವ ಡಿಲೀಟ್-ಓಲ್ಡ್ ಓಡಿಸಿದೆ. ಇಎಫ್‌ಐ ಪಾರ್ಟಿಷನ್‌ನಲ್ಲಿರುವ ಲೋಡರ್ ಫೈಲನ್ನು ಇನ್‌ಸ್ಟಾಲ್‌ವರ್ಲ್ಡ್ ಬದಲಿಸುವುದಿಲ್ಲ. ಅದನ್ನು ಕೈಯಾರೆ ಕಾಪಿ ಮಾಡಿದೆ, ಹಳೆಯದನ್ನು ಬೇರೆ ಹೆಸರಲ್ಲಿ ಅಲ್ಲೇ ಇಟ್ಟೆ.

ಬಾಕಿ

ಹಳೆ ಲೈಬ್ರರಿಗಳನ್ನು ಅಳಿಸುವ ಡಿಲೀಟ್-ಓಲ್ಡ್-ಲಿಬ್ಸ್ ಇನ್ನೂ ಓಡಿಸಿಲ್ಲ. ಪ್ಯಾಕೇಜ್ ಮೂಲಕ ಬರದ, ನಾನೇ ಕಂಪೈಲ್ ಮಾಡಿದ ಕೆಲವು ಪ್ರೋಗ್ರಾಮ್‌ಗಳಿವೆ. ಯಾವ ಪ್ರೋಗ್ರಾಮ್ ಯಾವ ಲೈಬ್ರರಿ ಬಳಸುತ್ತದೆ ಎಂದು ತೋರಿಸುವ ಎಲ್‌ಡಿಡಿ ಹಾಕಿ ನೋಡಿದರೆ ಬ್ಯಾಕಪ್ ಮಾಡುವ ಸಾಧನ ಇನ್ನೂ 111ನ್ನೇ ಹಿಡಿದುಕೊಂಡಿದೆ. ಅದರ ಸೋರ್ಸ್ ಓಪನ್‌ಎಸ್‌ಎಸ್‌ಎಲ್ 3.0 ಮೇಲೆ ಎಚ್ಚರಿಕೆಗಳ ಮಳೆ ಸುರಿಸುತ್ತಿದೆ. ಅದು ಮುಗಿಯುವವರೆಗೆ ಹಳೆ ಲೈಬ್ರರಿಗಳು ಇರಲಿ.

ಝಡ್‌ಪೂಲ್ ಸ್ಟೇಟಸ್ ಕೇಳಿದಾಗಲೆಲ್ಲ ಪೂಲ್ (ಝಡ್‌ಎಫ್‌ಎಸ್‌ನ ಡಿಸ್ಕ್‌ಗಳ ಗುಂಪು) ಅಪ್‌ಗ್ರೇಡ್ ಮಾಡಬಹುದು ಎನ್ನುತ್ತಿದೆ. ಮಾಡುವುದಿಲ್ಲ. ಹೊಸ ಫೀಚರ್ ಒಮ್ಮೆ ಬಳಕೆಗೆ ಬಂದರೆ 13ರ ಎನ್ವಿರಾನ್‌ಮೆಂಟ್ ಆ ಪೂಲನ್ನು ಓದಲಾರದೆ ಹೋಗಬಹುದು, ಆಗ ಅದನ್ನು ಇಟ್ಟುಕೊಂಡು ಪ್ರಯೋಜನವಿಲ್ಲ. ಮೊದಲು ಜೈಲ್‌ಗಳನ್ನು 14ಕ್ಕೆ ತರಬೇಕು, ಬ್ಯಾಕಪ್ ಸಾಧನ ಕಟ್ಟಬೇಕು, ಆಮೇಲೆ 13ರ ಎನ್ವಿರಾನ್‌ಮೆಂಟ್ ಅಳಿಸಬೇಕು. ಪೂಲ್‌ನ ಸರದಿ ಅದರ ನಂತರ.