ಐದು ತೆನೆಯ ಹಬ್ಬ

“ಮೇಡಂ, ನಿಮ್ಮ ಪಾರ್ಸೆಲ್ ಹುಬ್ಬಳ್ಳಿಯಲ್ಲಿ ಇಳಿದುಬಿಟ್ಟಿದೆ. ಇವತ್ತು ಚೌತಿ, ನಾಳೆ ಭಾನುವಾರ. ಸೋಮವಾರ ತರಿಸಿಕೊಡುತ್ತೇವೆ” ಎಂದ ಬಸ್ ಕಂಪನಿಯ ಹುಡುಗ. ಪಾರ್ಸೆಲ್ಲಿಗೆ ಕಾಲು ಬಂದು ತಾನಾಗಿಯೇ ಇಳಿದು ಹೋಯಿತೇನೋ ಎಂಬಂತಿತ್ತು ಅವನ ಮಾತು. ಅಂದು 2024ರ ಸೆಪ್ಟೆಂಬರ್ 7, ಶನಿವಾರ, ಮಧ್ಯಾಹ್ನ ಹನ್ನೆರಡು ಗಂಟೆ. ಮರುದಿನ ಬೆಳಿಗ್ಗೆ ಚರ್ಚಿನಲ್ಲಿ ಆಶೀರ್ವಾದವಾಗಬೇಕಿದ್ದ ಹೊಸ ಭತ್ತದ ತೆನೆ, ನಲವತ್ತು ಮನೆಗೆ ಸಾಲುವಷ್ಟು, ಗೋಣಿಚೀಲ ಸುತ್ತಿಕೊಂಡು ಹುಬ್ಬಳ್ಳಿಯ ಯಾವುದೋ ಮೂಲೆಯಲ್ಲಿ ಕುಳಿತಿತ್ತು. ಆ ವರ್ಷ ತೆನೆ ತರಿಸುವ ಪಾಳಿ ನನ್ನದು.

ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಮ್ಮ ಹುಟ್ಟಿದ ದಿನ. ಕರಾವಳಿಯ ಕ್ಯಾಥೊಲಿಕರಾದ ನಮಗೆ ಅದು ಮೊಂತಿ ಫೆಸ್ತ್, ಕನ್ನಡದಲ್ಲಿ ಹೇಳುವುದಾದರೆ ತೆನೆ ಹಬ್ಬ. ಮಂಗಳೂರು ಬಳಿಯ ಫರಂಗಿಪೇಟೆಯ ಗುಡ್ಡದ ಮೇಲಿರುವ ಮೊಂತೆ ಮರಿಯಾನೊ ಚರ್ಚಿನಿಂದ ಬಂದ ಹೆಸರು ಅದು. ಪೋರ್ಚುಗೀಸಿನಲ್ಲಿ ಮೊಂತೆ ಎಂದರೆ ಗುಡ್ಡವೇ. ನಾನು ಬೆಳ್ತಂಗಡಿ ಕಡೆಯವಳು. ಅಲ್ಲಿ ಮನೆಯ ಮೆಟ್ಟಿಲಿಳಿದರೆ ಗದ್ದೆ. ಹಬ್ಬದ ಹಿಂದಿನ ಸಂಜೆ ಕೈಚಾಚಿ ನಾಲ್ಕು ತೆನೆ ಕೊಯ್ದರೆ ಕೆಲಸ ಮುಗಿಯಿತು. ತೆನೆಗೂ ಪಾಳಿ, ಪಾರ್ಸೆಲ್ ಎಂದೆಲ್ಲ ಇರುತ್ತದೆಂದು ಗೊತ್ತಾಗಿದ್ದು ಮದುವೆಯಾಗಿ ಬೆಳಗಾವಿಗೆ ಬಂದ ಮೇಲೆ. ಇಲ್ಲಿ ಭತ್ತವಿಲ್ಲವೆಂದಲ್ಲ, ಖಾನಾಪುರದ ಹಾದಿಯುದ್ದಕ್ಕೂ ಭತ್ತವೇ. ಆದರೆ ನಮ್ಮೂರಿನ ಪೈರು ತೆನೆ ಹೊತ್ತು ಬಾಗುವ ಹೊತ್ತಿಗೆ ಇಲ್ಲಿಯದು ಇನ್ನೂ ನೆಟ್ಟಗೆ ನಿಂತ ಹಸಿರು ಹುಲ್ಲು.

ನಮ್ಮ ಚರ್ಚಿನಲ್ಲಿ ಗೋವಾ ಮೂಲದ ಕುಟುಂಬಗಳೇ ಹೆಚ್ಚು. ಅವರೂ ಕೊಂಕಣಿಯವರು, ನಾವೂ ಕೊಂಕಣಿಯವರು, ಆದರೆ ಅವರು ಬರೆಯುವುದು ರೋಮನ್ ಲಿಪಿಯಲ್ಲಿ, ನಾವು ಕನ್ನಡ ಲಿಪಿಯಲ್ಲಿ. ಹಾಗಾಗಿ ಮಕ್ಕಳ ಹೂವಿನ ಹಾಡನ್ನು ಪ್ರತಿ ವರ್ಷ ಎರಡೆರಡು ಬಾರಿ ಅಚ್ಚು ಹಾಕಿಸುತ್ತೇವೆ. ಎರಡನ್ನೂ ಓದಲಾರದ ತಮಿಳು ಮನೆಯ ಹುಡುಗಿಯೊಬ್ಬಳು ಬಾಯಿಪಾಠ ಮಾಡಿಕೊಂಡು ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಾಳೆ.

ಹೂವಿನ ಕಥೆಯೇ ಬೇರೆ. ಹಬ್ಬಕ್ಕೆ ಮೊದಲು ಒಂಬತ್ತು ದಿನ, ಆಗಸ್ಟ್ 30ರಿಂದ, ಮಕ್ಕಳು ಪುಟ್ಟ ಬುಟ್ಟಿಗಳಲ್ಲಿ ಹೂ ತಂದು ಬಾಲ ಮರಿಯಳ ಮುಂದೆ ಸುರಿಯುತ್ತಾರೆ. ಅಂಗಡಿಯ ಹೂ ನಡೆಯುವುದಿಲ್ಲ ಎಂದು ನಿಯಮವೇನೂ ಇಲ್ಲ, ಅದು ನನ್ನ ಹಟ. ನಮ್ಮ ಕಾಂಪೌಂಡಿನಲ್ಲಿ ಒಂದು ಕೆಂಪು ದಾಸವಾಳ, ಒಂದು ಕಣಗಲೆ, ತಾನಾಗಿ ಹುಟ್ಟಿದ ಒಂದಿಷ್ಟು ಗೊಂಡೆ. ಆದರೆ ಬೆಳಗಾವಿಯಲ್ಲಿ ಬೆಳಗಿನ ಐದು ಗಂಟೆಗೆ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಹೆಗಲ ಮೇಲೆ ಕೊಕ್ಕೆ ಕಟ್ಟಿದ ಕೋಲು ಹಿಡಿದು ವಾಕಿಂಗ್ ಹೊರಡುವ ಭಕ್ತರ ಒಂದು ಪಡೆಯಿದೆ. ಅವರ ಕೋಲಿಗೆ ಎಟುಕದ ಕಾಂಪೌಂಡಿಲ್ಲ. ಎರಡನೆಯ ದಿನ ಗಿಡ ಬರಿದಾಗಿದ್ದನ್ನು ಕಂಡ ನನ್ನ ಆರು ವರ್ಷದ ಮಗ ಮೂರನೆಯ ದಿನ ಟಾರ್ಚ್ ಹಿಡಿದು ಗೇಟಿನ ಬಳಿ ಕಾವಲು ಕುಳಿತ. ಬಂದ ಹಿರಿಯರೊಬ್ಬರ ಮುಖಕ್ಕೆ ನೇರ ಬೆಳಕು ಬಿಟ್ಟು, “ಇದು ಮರಿಯಮ್ಮನ ಹೂ” ಎಂದನಂತೆ. ಅವರು ಸ್ವಲ್ಪವೂ ತಡಬಡಿಸದೆ, “ಆಗಲಿ ಬಾಳಾ, ಅರ್ಧ ಗಣಪ್ಪನಿಗೆ ಕೊಡು” ಎಂದರಂತೆ. ಅಂದಿನಿಂದ ಇಬ್ಬರಿಗೂ ಒಪ್ಪಂದವಾಯಿತು. ಕೋಲು ಅವರದು, ಎಣಿಕೆ ಇವನದು. ಚೌತಿಯ ಬೆಳಿಗ್ಗೆ ಮಾತ್ರ ಅವರು ಎಲ್ಲವನ್ನೂ ಕೇಳಿ ಪಡೆದು, ಬದಲಿಗೆ ತಮ್ಮ ಮನೆಯ ಶೇವಂತಿಗೆಯನ್ನು ಚೀಲ ತುಂಬ ತಂದುಕೊಟ್ಟರು.

ಹೂ ಸಿಕ್ಕಿತು, ತೆನೆ ಇಲ್ಲ. ಮಕ್ಕಳ ಅಪ್ಪ ಕೆಲಸದ ಮೇಲೆ ಪುಣೆಗೆ ಹೋಗಿದ್ದವರು ರಾತ್ರಿ ಬರುವವರಿದ್ದರು. ಗಲ್ಲಿಗಲ್ಲಿಯಲ್ಲೂ ಗಣಪತಿ ಕೂರುವ ಗದ್ದಲ, ಬ್ಯಾಂಜೊ, ಪಟಾಕಿ, ಜಿಟಿಜಿಟಿ ಮಳೆ. ಮಕ್ಕಳಿಬ್ಬರನ್ನೂ ಕಾರಿಗೆ ಹತ್ತಿಸಿಕೊಂಡು ಹೆದ್ದಾರಿ ಹಿಡಿದು ಹಲಗಾ ಕಡೆಗೆ ಹೊರಟೆ. ಸುವರ್ಣ ವಿಧಾನಸೌಧ ಕಂಡೊಡನೆ ಮಗ, “ಇಷ್ಟು ದೊಡ್ಡ ಮನೆ, ಗಣಪತಿ ಕೂರಿಸಿಲ್ಲವೇ?” ಎಂದು ಕೇಳಿದ. ಅವರ ಹಬ್ಬ ಡಿಸೆಂಬರಿನಲ್ಲಿ ಎಂದೆ.

ಅದನ್ನು ದಾಟಿ ಒಳದಾರಿಗೆ ಹೊರಳಿದ ಮೇಲೆ ಎರಡೂ ಬದಿಗೆ ಭತ್ತ. ಮೂರು ಕಡೆ ಕಾರು ನಿಲ್ಲಿಸಿ ಇಳಿದು ನೋಡಿದೆ. ಎಲ್ಲಿಯೂ ತೆನೆಯ ಸುಳಿವಿಲ್ಲ. ನಾಲ್ಕನೆಯ ಕಡೆ ಪ್ಲಾಸ್ಟಿಕ್ ಚೀಲದ ಕೊಪ್ಪೆ ಹಾಕಿಕೊಂಡ ಅಜ್ಜಿಯೊಬ್ಬರು ಒಡ್ಡಿನ ಮೇಲೆ ಕುಳಿತು ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದರು. ಬಂದ ಕಾರಣ ಹೇಳಿದೆ. ಅವರು ಕುಡುಗೋಲು ಕೆಳಗಿಟ್ಟರು.

“ಈಗೆಲ್ಲಿಯ ತೆನೆ ತಂಗಿ? ಇನ್ನೂ ಹೊಡೆ ಹಾಯುತ್ತಿದೆ, ತೆನೆ ಒಳಗೇ ಇದೆ. ಬಸುರಿ ಹೊಲ ಇದು. ಬಸುರಿಯ ಹೊಟ್ಟೆಗೆ ಯಾರಾದರೂ ಕುಡುಗೋಲು ಹಾಕುತ್ತಾರೆಯೇ?”

ನನಗೆ ನಾಚಿಕೆಯಾಯಿತು. ಈ ಸೀಮೆಯಲ್ಲಿ ಸೀಗಿ ಹುಣ್ಣಿಮೆಯಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವುದನ್ನು ಕಂಡವಳು ನಾನು. ಫಲ ಹೊತ್ತ ಭೂಮಿತಾಯಿಗೆ ಬಯಕೆಯ ಊಟ ಅದು. ನಮಸ್ಕಾರ ಹೇಳಿ ಹೊರಡೋಣ ಎನ್ನುವಷ್ಟರಲ್ಲಿ ಒಂಬತ್ತು ವರ್ಷದ ಮಗಳು ಬಾಯಿ ಹಾಕಿದಳು.

“ಅಜ್ಜಿ, ನಾಳೆ ಯೇಸುವಿನ ಅಮ್ಮನ ಹುಟ್ಟುಹಬ್ಬ.”

“ಮಗನದೋ, ಅಮ್ಮನದೋ?”

“ಅಮ್ಮನದು. ಅವಳು ಕೂಸಾಗಿದ್ದಾಗಿನದು. ಅವಳ ಅಪ್ಪ ಅಮ್ಮನಿಗೆ ಬಹಳ ವರ್ಷ ಮಕ್ಕಳೇ ಇರಲಿಲ್ಲ. ಮುದುಕರಾದ ಮೇಲೆ ಹುಟ್ಟಿದವಳು.”

ಜೊವಾಕಿಮ್ ಮತ್ತು ಅನ್ನಮ್ಮನ ಈ ಕಥೆ ಬೈಬಲ್ಲಿನಲ್ಲಿಲ್ಲ. ಹಳೆಯ ಪರಂಪರೆಯಲ್ಲಿ ಉಳಿದು ಬಂದದ್ದು, ನಾನು ಮಕ್ಕಳಿಗೆ ಮಲಗುವ ಹೊತ್ತಿಗೆ ಹೇಳಿದ್ದು. ಅಜ್ಜಿ ಸುಮ್ಮನೆ ಕೇಳಿಸಿಕೊಂಡರು.

“ಹರಕೆಯ ಕೂಸು ಅನ್ನು” ಎಂದು ಮಗಳ ಗಲ್ಲ ಮುಟ್ಟಿ ದೃಷ್ಟಿ ತೆಗೆದರು. ಆಮೇಲೆ ಎದ್ದು, ಒಡ್ಡಿನ ಮಗ್ಗುಲಲ್ಲಿ ಒಂದು ಕಡೆ ಬಗ್ಗಿ, ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡು ಪೈರನ್ನು ಸರಿಸಿದರು. ಆ ಮಡಿಯ ಅಂಚಿನಲ್ಲಿ ಕೆಲವು ಪೈರು ಉಳಿದವಕ್ಕಿಂತ ಮುಂಚೆ ತಲೆ ಹೊರಹಾಕಿದ್ದವು. ನಾಲ್ಕು ತೆನೆ ಕೊಯ್ದರು. “ನಾಲ್ಕು ಬೇಡ, ಐದಾಗಲಿ” ಎಂದು ಇನ್ನೂ ಬಿಚ್ಚದ ಹೊಡೆಯೊಂದನ್ನು ಸೇರಿಸಿದರು. ನಲವತ್ತು ಮನೆಗೆ ಬೇಕು ಎಂಬ ಮಾತು ನನ್ನ ಗಂಟಲಲ್ಲೇ ಉಳಿಯಿತು. ದುಡ್ಡು ಕೊಡಹೋದರೆ ಕೈ ಹಿಂದೆ ಕಟ್ಟಿಕೊಂಡರು. “ಪೂಜೆಯಾದ ಮೇಲೆ ಒಂದನ್ನು ತಿರುಗಿ ತಂದುಕೊಡಿ. ಹೊಲದ್ದು ಹೊಲಕ್ಕೆ ಬರಬೇಕು.”

ಮನೆ ತಲುಪುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಅನಾಹುತ ನಡೆದಿತ್ತು. ಮಗ ಹೊಡೆಯನ್ನು ಸುಲಿದಿದ್ದ. ಬಯ್ಯಲು ತಿರುಗಿದವಳು ನೋಡುತ್ತ ನಿಂತೆ. ಗದ್ದೆಯ ಅಂಚಿನಲ್ಲೇ ಬೆಳೆದರೂ ನಾನು ಹೊಡೆಯನ್ನು ಬಿಚ್ಚಿ ನೋಡಿದವಳಲ್ಲ. ಹಸಿರು ಎಲೆಯ ಸುರುಳಿಯೊಳಗೆ ಬಿಳಿಯೂ ಅಲ್ಲದ ಹಸಿರೂ ಅಲ್ಲದ ಬಣ್ಣದ ಎಳೆಯ ತೆನೆ, ಒದ್ದೆ ಒದ್ದೆಯಾಗಿ, ರೇಷ್ಮೆ ದಾರದ ಲಡಿಯಂತೆ ಮಡಚಿಕೊಂಡು ಮಲಗಿತ್ತು. ಒಂದೊಂದು ಕಾಳೂ ತನ್ನ ಜಾಗದಲ್ಲಿ ಆಗಲೇ ಇತ್ತು, ಚಪ್ಪಟೆಯಾಗಿ, ಒಳಗೇನೂ ಇಲ್ಲದೆ. “ಇದು ಉಸಿರಾಡುತ್ತದೆಯೇ?” ಎಂದು ಮಗ ಪಿಸುಗುಟ್ಟಿದ. ಬಯ್ಯುವುದು ಮರೆತೇ ಹೋಯಿತು.

ರಾತ್ರಿ ಮಗಳು ಕ್ಯಾಲೆಂಡರ್ ಮುಂದೆ ಬೆರಳು ಮಡಚುತ್ತ ನಿಂತಿದ್ದಳು. ಮರಿಯಮ್ಮ ಅನ್ನಮ್ಮನ ಗರ್ಭದಲ್ಲಿ ಮೂಡಿದ ಹಬ್ಬ ಡಿಸೆಂಬರ್ 8. ಅಲ್ಲಿಂದ ಸೆಪ್ಟೆಂಬರ್ 8ಕ್ಕೆ ಸರಿಯಾಗಿ ಒಂಬತ್ತು ತಿಂಗಳು. ಲೆಕ್ಕ ಕೂಡಿದ್ದಕ್ಕೆ ಅವಳಿಗೆ ಬಹಳ ಸಂತೋಷ. ಸಂತರ ಹಬ್ಬವೆಂದರೆ ಸಾಮಾನ್ಯವಾಗಿ ಅವರು ತೀರಿಕೊಂಡ ದಿನ. ಹುಟ್ಟಿದ ದಿನಕ್ಕೆ ಹಬ್ಬವಿರುವುದು ಯೇಸು, ಅವನಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೊವಾನ್ನ ಮತ್ತು ಮರಿಯಮ್ಮ, ಈ ಮೂವರಿಗೆ ಮಾತ್ರ ಎಂದು ನಾನು ಪಾಠಕ್ಕೆ ಇಳಿದೆ. ಮಗ ನಡುವೆಯೇ, “ಹಾಗಾದರೆ ಈಗ ಅನ್ನಮ್ಮ ಆಸ್ಪತ್ರೆಯಲ್ಲಿರುತ್ತಾಳೆ” ಎಂದು ಹೇಳಿ ಮಲಗಿಬಿಟ್ಟ.

ಬೆಳಿಗ್ಗೆ ಬಾಳೆಲೆಯಲ್ಲಿ ಸುತ್ತಿದ ತೆನೆಗಳನ್ನು ಗುರುಗಳ ಮುಂದೆ ಬಿಚ್ಚುವಾಗ ನನ್ನ ಕಿವಿ ಬಿಸಿಯಾಗಿತ್ತು. ಪಾರ್ಸೆಲ್ಲಿನ ಪುರಾಣ ಹೇಳಿದೆ. ಅವರು ನಕ್ಕು, “ಯೇಸು ಹಂಚಿದ ಐದು ರೊಟ್ಟಿಯಲ್ಲಿ ಐದು ಸಾವಿರ ಜನ ಉಂಡಿದ್ದಾರೆ. ಐದು ತೆನೆಯಲ್ಲಿ ನಲವತ್ತು ಮನೆ ಯಾವ ಲೆಕ್ಕ?” ಎಂದರು.

“ನಾಲ್ಕೂವರೆ, ಫಾದರ್” ಎಂದ ಮಗ. ಸುಲಿದದ್ದನ್ನು ಅವನು ಪೂರ್ತಿ ಎಂದು ಲೆಕ್ಕ ಹಿಡಿದಿರಲಿಲ್ಲ.

ಚರ್ಚಿನ ಹೊರಗೆ ಆಶೀರ್ವಾದವಾದ ತೆನೆಗಳು ಮಕ್ಕಳ ಮೆರವಣಿಗೆಯಲ್ಲಿ ಒಳಗೆ ಹೋದವು. ಶೇವಂತಿಗೆ, ಗೊಂಡೆ, ಯಾರೋ ತಂದ ಡೇಲಿಯಾ, ಎಲ್ಲ ಸೇರಿ ಬಾಲ ಮರಿಯಳ ಪುಟ್ಟ ಮೂರ್ತಿ ಕತ್ತಿನವರೆಗೆ ಮುಳುಗಿತ್ತು. ಬಲಿಪೂಜೆಯ ಕೊನೆಗೆ, ಮನೆಗೊಂದು ತೆನೆ ಕೊಡುವ ಬದಲು, ತಲೆಗೊಂದು ಕಾಳು ಕೊಡುವುದೆಂದು ತೀರ್ಮಾನವಾಯಿತು. ಒಂದು ತೆನೆಯನ್ನು ಅಜ್ಜಿಗೆಂದು ಎತ್ತಿಟ್ಟು ಉಳಿದವುಗಳ ಕಾಳನ್ನು ಮಕ್ಕಳು ತಟ್ಟೆಯಲ್ಲಿ ಉದುರಿಸಿ, ಸಾಲಾಗಿ ನಿಂತವರ ಅಂಗೈಗೆ ಒಂದೊಂದೇ ಇಟ್ಟರು. ಉಗುರಿನಿಂದ ಅಮುಕಿದರೆ ಕಾಳಿನ ತುದಿಯಲ್ಲಿ ಸಾಸಿವೆಯಷ್ಟು ಬಿಳಿ ಹಾಲು. ಸಣ್ಣವರು ಅದನ್ನು ನೆಕ್ಕಿ ಪರಸ್ಪರ ಮುಖ ನೋಡಿಕೊಂಡು, ಇನ್ನೊಂದಕ್ಕಾಗಿ ಮತ್ತೆ ಸಾಲಿಗೆ ಓಡಿದರು.

ನಮ್ಮ ಕರಾವಳಿಯ ಹಿರಿಯ ಬಾಯಮ್ಮ ಒಬ್ಬರಿಗೆ ಮಾತ್ರ ಇದು ಹಿಡಿಸಲಿಲ್ಲ. “ಹಾಲುಗಾಳನ್ನು ಹೊಸತು ಎನ್ನುತ್ತಾರೆಯೇ? ಬಲಿತ ಕಾಳನ್ನು ಸುಲಿದು ಅಕ್ಕಿ ಮಾಡಿ ಉಣ್ಣುವುದು ಹಬ್ಬ” ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಅವರ ಮಾತು ತಪ್ಪಲ್ಲ. ನಾನು ವಾದಿಸಲಿಲ್ಲ. ಹಬ್ಬಕ್ಕೆ ಹಂಚುವ ಕಬ್ಬಿನ ತುಂಡು ಕೊಟ್ಟೆ, ಬೈಯುತ್ತಲೇ ತೆಗೆದುಕೊಂಡರು.

ಮನೆಯ ಊಟದಲ್ಲಿ ಬೇರೆಯೇ ಪೇಚು. ಅಂದು ನಮ್ಮಲ್ಲಿ ಮೀನು ಮಾಂಸವಿಲ್ಲ, ಬಾಳೆಲೆಯ ಮೇಲೆ ಸಸ್ಯಾಹಾರ. ಪದಾರ್ಥಗಳ ಸಂಖ್ಯೆ ಮೂರು, ಐದು, ಏಳು, ಹೀಗೆ ಬೆಸವಾಗಿರಬೇಕು. ಕೆಸುವಿನ ಸೊಪ್ಪಿನ ಗಸಿ, ಗೋಡಂಬಿ ಹಾಕಿದ ತೊಂಡೆಕಾಯಿ, ಬೆಂಡೆ, ಹೀರೆಕಾಯಿ, ಅಲಸಂದೆ, ಹಸಿಶುಂಠಿ ಹಾಕಿದ ಸೌತೆಕಾಯಿ, ಹೆಸರುಬೇಳೆಯ ಪಾಯಸ. ಮಗಳು ಎರಡು ಸಲ ಎಣಿಸಿ ಏಳು ಎಂದು ಸಾರಿದಳು. ಅಷ್ಟರಲ್ಲಿ ಪಕ್ಕದ ಮನೆಯ ಕಾಕು ಮೋದಕದ ಡಬ್ಬಿ ಹಿಡಿದು ಬಂದರು. ಎಂಟಾಯಿತು! ಮೋದಕವನ್ನು ನಾಳೆಗಿಡೋಣ ಎಂದರೆ ಮಗ ಡಬ್ಬಿ ಬಿಡಲೊಲ್ಲ. ಉಪ್ಪಿನಕಾಯಿಯನ್ನು ಎಣಿಸಬಹುದೇ ಎಂದು ಅಪ್ಪ ಕೇಳಿದರೆ, ಅದು ಪದಾರ್ಥವೇ ಅಲ್ಲ ಎಂದು ಮಗಳ ತೀರ್ಪು. ಕಾಕುವಿಗೆ ಸಮಸ್ಯೆ ಅರ್ಥವಾದದ್ದೇ ತಡ, ಮನೆಗೆ ಓಡಿ ಒಂದು ಬಟ್ಟಲು ಶೇಂಗಾ ಚಟ್ನಿಪುಡಿ ತಂದರು. “ತಗೊಳ್ಳಿ, ಒಂಬತ್ತು.” ಮೊಂತಿ ಹಬ್ಬದ ಎಲೆಯ ಮೇಲೆ ಶೇಂಗಾ ಚಟ್ನಿ ಬಿದ್ದದ್ದು ಅದೇ ಮೊದಲು, ಕೆಸುವಿನ ಗಸಿಯ ಜೊತೆ ಅದು ಸ್ವಲ್ಪವೂ ಹೊಂದುವುದಿಲ್ಲ.

ಊಟಕ್ಕೆ ಮೊದಲು ನಾಲ್ಕು ಕಾಳು ಜಜ್ಜಿ ತೆಂಗಿನಹಾಲಿಗೆ ಬೆರೆಸಿ ಒಂದೊಂದು ಚಮಚ ಕೊಟ್ಟೆ. ಐದನೆಯ ಕಾಳನ್ನು ಕಾಗದದಲ್ಲಿ ಮಡಚಿ ಊರಿನಲ್ಲಿರುವ ನನ್ನ ತಾಯಿಗೆಂದು ಇಟ್ಟೆವು. ಊರಿಂದ ಹೊರಗಿರುವವರಿಗೆ ಮನೆಯ ಕಾಳು ಕಳುಹಿಸುವುದು ರೂಢಿ. ಈ ಬಾರಿ ಅದು ಉಲ್ಟಾ ಪ್ರಯಾಣ ಮಾಡಬೇಕಿತ್ತು. ಅಂಚೆಗೆ ಹಾಕಿದೆ. ಬಸ್ ಪಾರ್ಸೆಲ್ಲಿಗೆ ಧೈರ್ಯ ಬರಲಿಲ್ಲ. ಅಂದಹಾಗೆ, ಆ ಗೋಣಿಚೀಲ ಬಂದದ್ದು ಮಂಗಳವಾರ, ಒಳಗಿದ್ದದ್ದೆಲ್ಲ ಬಿಸಿಯೇರಿ ಕಪ್ಪಾಗಿತ್ತು.

ಮುಂದಿನ ಭಾನುವಾರ ಎತ್ತಿಟ್ಟ ತೆನೆ ಹಿಡಿದು ಮತ್ತೆ ಆ ಹೊಲಕ್ಕೆ ಹೋದೆವು. ಎಂಟೇ ದಿನಕ್ಕೆ ಹೊಲದ ರೂಪವೇ ಬದಲಾಗಿತ್ತು. ಎಲ್ಲಿ ನೋಡಿದರೂ ಹೊರಗೆ ಇಣುಕಿದ ಎಳೆಯ ತೆನೆ. ಅಜ್ಜಿ ಇರಲಿಲ್ಲ, ಮಗಳ ಊರಿಗೆ ಹೋಗಿದ್ದರು. ಸೊಸೆಗೆ ವಿಷಯ ಗೊತ್ತಿತ್ತು. “ಅತ್ತೆ ಹೇಳಿದ್ದಾರೆ, ಕೊಯ್ದಲ್ಲಿಯೇ ಇಡಿ” ಎಂದಳು. ಕೊಯ್ದ ಜಾಗ ನನಗೆ ಸಿಗಲಿಲ್ಲ, ಮಗನಿಗೆ ಸಿಕ್ಕಿತು. ಅವನು ಮೊಣಕಾಲೂರಿ, ಕೊಯ್ದ ಕೂಳೆಗಳ ನಡುವೆ ಕೆಸರಿನಲ್ಲಿ ಬೆರಳಿನಿಂದ ಗುಳಿ ತೋಡಿ ತೆನೆಯನ್ನು ಮಲಗಿಸಿದ.

“ಅಲ್ಲಿಟ್ಟರೆ ಇಲಿ ತಿಂದುಬಿಡುತ್ತದೆ” ಎಂದಳು ಸೊಸೆ ನಗುತ್ತ.

“ಯಾವ ಇಲಿ? ಗಣಪತಿಯದೇ?”

“ಅದೇ ಇರಬೇಕು.”

ಅವನು ಕ್ಷಣ ಯೋಚಿಸಿ, ಮೇಲೆ ಎಳೆಯಬೇಕೆಂದಿದ್ದ ಮಣ್ಣನ್ನು ಪಕ್ಕಕ್ಕೆ ತಳ್ಳಿ, ಕೈಯನ್ನು ಚಡ್ಡಿಗೆ ಒರೆಸಿಕೊಂಡು ಕಾರಿನ ಕಡೆಗೆ ನಡೆದ.